ಎಡಕ್ಕೆ ಮುಖ ಮಾಡಿದ ಅಕ್ಕ

ಜೂನ್ 17, 2024, ಸೋಮವಾರ
ರಾಯದುರ್ಗ

ಮದುವೆಯಾದ ಮೇಲೆ ಪುರುಸೊತ್ತಿರುವುದಿಲ್ಲ ಎಂದು ದಿನಚರಿ ಬರೆಯುವುದನ್ನು ನಿಲ್ಲಿಸಿದ್ದೆ. ಇಲ್ಲಿ ನೋಡಿದರೆ ಪುರುಸೊತ್ತೇ ಪುರುಸೊತ್ತು. ಈ ಮನೆಯಲ್ಲಿ ಮಾತಾಡುವವರು ಅತ್ತೆ ಚಿತ್ತಮ್ಮ ಒಬ್ಬರೇ, ಅವರಿಗೂ ಮಧ್ಯಾಹ್ನ ನಿದ್ದೆ. ಆದ್ದರಿಂದ ಮತ್ತೆ ಶುರು.

ಶ್ರೀಧರ್ ಒಳ್ಳೆಯವರು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದೆ ಏನೇನು ಬರೆಯುತ್ತೇನೋ. ಬೆಳಗ್ಗೆ ಎದ್ದು ಪ್ಯಾಂಟ್ ಹೊಲಿಸುವ ತಮ್ಮ ಶೆಡ್ಡಿಗೆ ಹೋಗುತ್ತಾರೆ, ಸಂಜೆ ಬರುತ್ತಾರೆ, ಹಾಕಿದ್ದನ್ನು ಉಣ್ಣುತ್ತಾರೆ. ಭಾನುವಾರ ಮಾತ್ರ ಬೀರುವಿನಿಂದ ಒಂದು ಮರದ ತಟ್ಟೆ ತೆಗೆದು ಕಿಟಕಿಯ ಹತ್ತಿರ ಕೂರುತ್ತಾರೆ. ಅದರಲ್ಲಿ ಮಖಮಲ್ಲಿನ ಗೂಡುಗಳು, ಗೂಡುಗಳಲ್ಲಿ ಬಂಗಾರದ ನಾಣ್ಯಗಳು. ಫ್ರೆಂಚರವಂತೆ, ನೆಪೋಲಿಯನ್ ಚಕ್ರವರ್ತಿಯ ಕಾಲದವು. ನಿನ್ನೆ ಚಹಾ ಕೊಡಲು ಹೋದವಳು ಒಂದನ್ನು ಎತ್ತಿ ನೋಡೋಣವೆಂದು ಕೈ ಚಾಚಿದೆ.

"ಮುಖ ಮುಟ್ಟಬ್ಯಾಡ," ಎಂದರು. "ಅಂಚು ಹಿಡಿಬೇಕು. ಬೆರಳಿನ ಜಿಡ್ಡು ಹತ್ತಿದ್ರ ಮುಖ ಸವೀತೈತಿ."

ಮದುವೆಯಾಗಿ ಎರಡು ತಿಂಗಳು. ನನ್ನ ಮುಖವನ್ನೂ ಅವರು ಇನ್ನೂ ಮುಟ್ಟಿಲ್ಲ. ನಾನೂ ಸವೆದೇನು ಎಂಬ ಭಯವೋ ಏನೋ.

ಹೆಣ್ಣು ನೋಡಲು ಮಡಕಶಿರಕ್ಕೆ ಬಂದಾಗಲೂ ನನಗಿಂತ ನಮ್ಮ ಪುಟ್ಟಕ್ಕಜ್ಜಿಯ ಕೊರಳನ್ನೇ ಹೆಚ್ಚು ನೋಡಿದ್ದರು. ಅಲ್ಲಿ ಕೆಂಪು ದಾರದಲ್ಲಿ ಒಂದು ಬಂಗಾರದ ಬಿಲ್ಲೆ ಇದೆ. ಆಗ ನಕ್ಕಿದ್ದೆ. ಮೂವತ್ತಾರನೇ ವಯಸ್ಸಿಗೆ ಗಂಡು ಸಿಕ್ಕಿದ ಸಂತೋಷದಲ್ಲಿ ಎಲ್ಲದಕ್ಕೂ ನಗುತ್ತಿದ್ದೆ.

ನಡುಮನೆಯ ಗೋಡೆಯಲ್ಲಿ ಒಂದು ಮೊಳೆ ಇದೆ, ಅದರ ಕೆಳಗೆ ಅಷ್ಟಗಲ ಬಣ್ಣ ಮಾಸಿಲ್ಲ. ಇವರ ಮೊದಲ ಹೆಂಡತಿಯ ಫೋಟೋ ಇದ್ದ ಜಾಗ; ನಾನು ಬರುವ ಮೊದಲು ಅತ್ತೆ ತೆಗೆದಿಟ್ಟಿದ್ದಾರೆ. ಇವತ್ತು ಆ ಮೊಳೆಗೆ ಕ್ಯಾಲೆಂಡರ್ ತೂಗುಹಾಕಿದೆ.

ಜೂನ್ 26, ಬುಧವಾರ

ತಲೆನೋವು ಬಿಡುತ್ತಿಲ್ಲ. ಅತ್ತೆ ನೆತ್ತಿಗೆ ಎಣ್ಣೆ ತಟ್ಟುತ್ತಾ ವಿಷಯ ತೆಗೆದರು. ಎರಡನೆಯವಳಾಗಿ ಬಂದವಳು ಕೊರಳಿಗೆ ಸವತಿ ಬಿಲ್ಲೆ ಕಟ್ಟಿಕೊಳ್ಳಬೇಕು. ತೀರಿಹೋದ ಮೊದಲನೆಯವಳನ್ನು ಅದರಲ್ಲಿ ಕೂರಿಸಿ ಅಕ್ಕಾ ಎಂದು ಕರೆಯಬೇಕು. ಹೊಸ ಸೀರೆ ಉಡುವ ಮೊದಲು ಅವಳಿಗೆ ತೋರಿಸಬೇಕು, ಹಬ್ಬದ ದಿನ ಮೊದಲ ಕುಂಕುಮ ಅವಳಿಗೆ ಇಡಬೇಕು. ಇಲ್ಲದಿದ್ದರೆ ಅವಳು ಸುಮ್ಮನಿರುವುದಿಲ್ಲ, ಹೀಗೆ ತಲೆ ಹಿಡಿಯುತ್ತಾಳೆ. ಇದು ನನಗೆ ಹೊಸದಲ್ಲ. ನಮ್ಮ ಅಜ್ಜಿಯೂ ಎರಡನೆಯವಳೇ, ಅವಳ ಕೊರಳಲ್ಲಿರುವುದೂ ಅದೇ.

"ಅಕ್ಕಸಾಲಿ ಹೊನ್ನೂರಪ್ಪಗ ಹೇಳಿ ಸಣ್ಣದೊಂದು ಬಿಲ್ಲಿ ಮಾಡಸೋಣ ಅಂದ್ರ ನಿನ್ ಗಂಡ ಒಲ್ಲೆ ಅಂತಾನವ್ವಾ. ನೀನರ ಕೇಳು," ಎಂದರು ಅತ್ತೆ.

ಊಟಕ್ಕೆ ಕೂತಾಗ ಕೇಳಿದೆ.

"ಆಕಿ ದೆವ್ವ ಅಲ್ಲ."

ಅಷ್ಟೇ. ಅರ್ಧ ರೊಟ್ಟಿ ಬಿಟ್ಟು ಎದ್ದರು. ಇಷ್ಟು ಗಟ್ಟಿಯಾದ ದನಿ ಅವರಿಗಿದೆ ಎಂದು ಇವತ್ತೇ ಗೊತ್ತಾದದ್ದು. ಬದುಕಿರುವ ಸವತಿಯಾದರೆ ಜಡೆ ಹಿಡಿದು ಜಗಳವಾದರೂ ಆಡಬಹುದು. ಸತ್ತ ಹೆಂಗಸಿನ ಜೊತೆ ಜಗಳವಾಡಿ ಗೆದ್ದವರುಂಟೇ?

ಜುಲೈ 14, ಭಾನುವಾರ
ಮಡಕಶಿರ

ಅಜ್ಜಿಗೆ ಹುಷಾರಿಲ್ಲವೆಂದು ಫೋನ್ ಬಂತು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಒಬ್ಬಳೇ ಬಂದೆ. ಅಜ್ಜಿ ಹಾಸಿಗೆಯಲ್ಲಿ ಒಂದು ಹಿಡಿಯಾಗಿ ಮಲಗಿದ್ದಳು, ಬಾಯಿ ಮಾತ್ರ ಹಿಂದಿನಷ್ಟೇ ದೊಡ್ಡದು.

"ಬಂದೇನೇ ದೇವೀ. ಎಂಗವ್ಳೆ ನಿನ್ನಕ್ಕ?"

"ಯಾವ ಅಕ್ಕ ಅಜ್ಜಿ?"

"ಅದೇ ಕಣೇ, ನಿನ್ ಗಂಡನ ಮೊದಲ್ನೇಳು."

ನನಗೆ ಅಳು ಬಂದುಬಿಟ್ಟಿತು. ಮನೆ ತುಂಬ ಅವಳೇ ಇದ್ದಾಳೆ, ನನಗೆ ಕೂರಲು ಜಾಗವಿಲ್ಲ ಎಂದೆ. ಅಜ್ಜಿ ಸಮಾಧಾನವನ್ನೇನೂ ಹೇಳಲಿಲ್ಲ.

"ನಾನೂ ಒಸದ್ರಲ್ಲಿ ಇಂಗೇ ಮಕ ಊದಿಸ್ಕಂಡಿದ್ದೆ. ಆಮ್ಯಾಕೆ ಗೊತ್ತಾತು, ಈ ಮನೇಲಿ ನನ್ ಕಷ್ಟ ಗೊತ್ತಿರೋಳು ಇವ್ಳೊಬ್ಳೇ ಅಂತ. ನಿಮ್ಮಜ್ಜನ ಕೈಲಿ ನನಗಿಂತ ಮುಂಚೆ ಏಗಿದ್ದೋಳಲ್ವಾ? ಅವನ ಬೈಗುಳ ಎಲ್ಲಾನೂ ಇವ್ಳ ಕಿವೀಲಿ ಸುರೀತಿದ್ದೆ."

ಅಜ್ಜ ಹೋದಾಗ ತಾಳಿ ತೆಗೆಯಲು ಬಂದವರಿಗೆ ಅಜ್ಜಿ ಬಿಲ್ಲೆ ಮುಟ್ಟಲು ಬಿಡಲಿಲ್ಲವಂತೆ. ಗಂಡ ಹೋದರೆ ಸವತಿಯೂ ಹೋಗುತ್ತಾಳಾ ಎಂದಳಂತೆ. ಆ ಮೊದಲನೆಯವಳನ್ನು ಅಜ್ಜಿ ಕಂಡಿದ್ದೇ ಇಲ್ಲ. ಆಗಿನ ಕಾಲದಲ್ಲಿ ಫೋಟೋ ಎಲ್ಲಿ? ಬಿಲ್ಲೆಯಲ್ಲಿ ಇದ್ದ ಮುಖವೇ ಅವಳ ಮುಖ.

"ನೋಡು, ಎಡಕ್ಕೆ ತಿರೀಕ್ಕಂಡವ್ಳೆ. ತಲೆ ಸುತ್ತ ಊವ ಮುಡ್ದವ್ಳೆ, ಇಂದೆ ಟೇಪು ಇಳಿಬಿದ್ದೈತೆ. ಮೂಗು ನೋಡೇ, ಗಿಣಿ ಮೂಗು."

ಅರಿಶಿನ ಕುಂಕುಮದ ಬೆರಳು ತಾಗಿ ತಾಗಿ ಮುಖ ಬಹಳ ಸವೆದಿದೆ. ಮೂಗು ಮಾತ್ರ ಉಳಿದಿದೆ.

ಹೊರಡುವ ಮೊದಲು ಅಜ್ಜಿ ದಾರ ಬಿಚ್ಚಿಸಿ ಅದನ್ನು ನನ್ನ ಕೊರಳಿಗೆ ಕಟ್ಟಿದಳು. ನಿನ್ನ ಗಂಡ ಮಾಡಿಸಿಕೊಡುವವರೆಗೆ ಇವಳೇ ಇರಲಿ, ಇಬ್ಬರು ಅಕ್ಕಂದಿರೂ ಮಾತಾಡಿಕೊಳ್ಳುತ್ತಾರೆ ಎಂದಳು.

"ಕೊಟ್ಟೆ ಅಂದ್ಕಾಬ್ಯಾಡ, ಇಟ್ಕಂಡಿರು. ನಾ ಓಗೋ ದಿನ ತಂದು ನನ್ ಬಾಯಿಗಾಕು. ಎಲ್ಲಾರ ಬಾಯಿಗೂ ಚೂರು ಚಿನ್ನ ಆಕಿ ಮಣ್ಣು ಮಾಡ್ತಾರೆ. ನನ್ ಬಾಯಿಗೆ ಇವ್ಳು. ಮಾತು ಕೊಡು."

ಕೊಟ್ಟೆ.

ಜುಲೈ 15, ಸೋಮವಾರ
ರಾಯದುರ್ಗ

ಸಂಜೆ ಶೆಡ್ಡಿನಿಂದ ಬಂದವರು ಬಾಗಿಲಲ್ಲೇ ನಿಂತರು. ನನ್ನನ್ನು ನೋಡಿದರು. ಕೈಕಾಲು ತೊಳೆಯದೆ ಒಳಗೆ ಹೋಗಿ ಭೂತಗನ್ನಡಿ ತಂದರು.

"ಸ್ವಲ್ಪ ಅಲ್ಲಾಡಬ್ಯಾಡ."

ಅಷ್ಟು ಹತ್ತಿರ ಅವರು ಯಾವತ್ತೂ ಬಂದಿರಲಿಲ್ಲ. ಉಸಿರು ಕೊರಳಿಗೆ ತಾಗಿತು. ನಾನು ಹುಚ್ಚಿಯ ಹಾಗೆ ಕಣ್ಣು ಮುಚ್ಚಿಕೊಂಡೆ.

"ಸಾವಿರದ ಎಂಟುನೂರಾ ಹದಿಮೂರು," ಎಂದರು.

ಕಣ್ಣು ಬಿಟ್ಟೆ. ಅದು ನಾಣ್ಯದ ಇಸವಿ.

ಆಮೇಲೆ ವಿವರಿಸಿದರು. ಅದು ಹೆಂಗಸೇ ಅಲ್ಲ. ನೆಪೋಲಿಯನ್. ತಲೆಗೆ ಮುಡಿದದ್ದು ಹೂವಲ್ಲ, ಎಲೆಗಳ ಕಿರೀಟ. ಹಿಂದೆ ಇಳಿಬಿದ್ದದ್ದು ಅದರ ಪಟ್ಟಿ. ಅಂಚಿನ ಮೇಲೆ 'ದೇವರು ಫ್ರಾನ್ಸನ್ನು ಕಾಯಲಿ' ಎಂದು ಅವರ ಭಾಷೆಯಲ್ಲಿ ಕೆತ್ತಿರುತ್ತದಂತೆ. "ಕೊಂಡಿ ಕೂಡಿಸಿ ಹಾಳು ಮಾಡ್ಯಾರ. ಬೆಸುಗಿ ಸರಿಯಾಗಿ ದೇವರ ಮ್ಯಾಲೇ ಬಿದ್ದೈತಿ," ಎಂದು ನೊಂದುಕೊಂಡರು.

ಅತ್ತೆ ಗಲ್ಲಕ್ಕೆ ಕೈ ಹಚ್ಚಿದರು. "ಅಯ್ಯ ಶಿವನ! ಗಂಡಸಿಗೆ ಸವತಿ ಅಂತ ಪೂಜಿ ಮಾಡ್ಯಾಳೇನು ನಿಮ್ಮಜ್ಜಿ?"

ನಾನೂ ನಕ್ಕೆ. ಬಚ್ಚಲಿಗೆ ಹೋದ ಮೇಲೆ ನಗು ಇರಲಿಲ್ಲ.

ಜುಲೈ 28, ಭಾನುವಾರ

ತಟ್ಟೆಯ ಮುಂದೆ ನನ್ನನ್ನು ಕರೆದು ಕೂರಿಸಿಕೊಂಡರು. ಸಾಲಿನಲ್ಲಿ ಆರು ಗೂಡು. 1809ರಿಂದ 1814ರವರೆಗೆ, ವರ್ಷಕ್ಕೊಂದು. 1813ರ ಗೂಡು ಖಾಲಿ.

ಇಷ್ಟು ದಿನ ಇದು ಅವರ ಹುಚ್ಚೆಂದುಕೊಂಡಿದ್ದೆ. ಅವರದಲ್ಲ, ಮೊದಲ ಹೆಂಡತಿ ಸಾಯಿಲಕ್ಷ್ಮಿಯದು. ಅವರ ಬಾಯಲ್ಲಿ ಬರೀ ಸಾಯಿ. ಅವಳು ಯಾನಾಂ ಕಡೆಯವಳು, ಫ್ರೆಂಚರು ಆಳಿದ ಊರು. ಅವಳ ತಾತನ ತಂದೆ ಅಲ್ಲಿ ಅವರಿಗೆ ದುಭಾಷಿಯಾಗಿದ್ದರಂತೆ. ಅವರಿಂದ ಉಳಿದು ಬಂದದ್ದು ಮೊದಲ ನಾಣ್ಯ, 1809ರದು. ಮದುವೆಯಲ್ಲಿ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು. ಉಳಿದವನ್ನು ಇಬ್ಬರೂ ಹುಡುಕಿ ತಂದರು. ಪುದುಚೇರಿಯಲ್ಲಿ ಒಂದು, ಮದ್ರಾಸಿನಲ್ಲಿ ಎರಡು, ಹೈದರಾಬಾದಿನಲ್ಲಿ ಒಂದು. ಪುದುಚೇರಿಯ ಅಂಗಡಿಯವನು ಕೊಡುವುದಿಲ್ಲವೆಂದಾಗ ಅವಳು ಅವನ ಮೆಟ್ಟಿಲ ಮೇಲೆ ಕೂತು ತಂದಿದ್ದ ಚಿತ್ರಾನ್ನ ಬಿಚ್ಚಿ ಉಂಡಳಂತೆ, ಕೊಡುವವರೆಗೆ ಏಳುವುದಿಲ್ಲವೆಂದು. ಹೇಳುತ್ತಾ ಅವರು ನಕ್ಕರು. ಅವರ ಹಲ್ಲಿನ ಸಾಲು ಚೆನ್ನಾಗಿದೆ. ನಾನು ನೋಡಿಯೇ ಇರಲಿಲ್ಲ.

ನನ್ನ ಜೊತೆ ಅವರು ಇಲ್ಲೇ ಪಕ್ಕದ ಕಣೇಕಲ್ಲಿನ ಕೆರೆಯವರೆಗೂ ಬಂದಿಲ್ಲ.

ಕೇಳಬಾರದೆಂದುಕೊಂಡಿದ್ದೆ, ಕೇಳಿಬಿಟ್ಟೆ. "ನನ್ನನ್ನ ಒಪ್ಪಿಕೊಂಡಿದ್ದು ಈ ನಾಣ್ಯಕ್ಕೇನಾ?"

ಕೈಯಲ್ಲಿದ್ದ ನಾಣ್ಯವನ್ನು ಗೂಡಿಗಿಟ್ಟರು. "ಮೊದಲು ಕಂಡಿದ್ದು ಅದೇ," ಎಂದರು.

ಸುಳ್ಳು ಹೇಳಲು ಬಾರದ ಗಂಡ ಸಿಗಲಿ ಎಂದು ದೇವರಲ್ಲಿ ಬೇಡಿಕೊಂಡವಳು ನಾನೇ. ಅನುಭವಿಸಬೇಕು.

ಆಗಸ್ಟ್ 16, ಶುಕ್ರವಾರ

ವರಮಹಾಲಕ್ಷ್ಮಿ. ಅತ್ತೆ ನೀಲಿ ಸೀರೆ ಕೊಡಿಸಿದರು. ಉಡುವ ಮೊದಲು ತಮಾಷೆಗೆ ಬಿಲ್ಲೆಯ ಮುಂದೆ ಹಿಡಿದು, ಹೇಗಿದೆ ಎಂದು ಕೇಳಿದೆ. ಸಾಯಿಲಕ್ಷ್ಮಿಗೂ ನೀಲಿ ಇಷ್ಟವಿತ್ತಂತೆ. ಅವಳಾಗಿದ್ದರೆ ಸೆರಗು ಇನ್ನೂ ಅಗಲ ಬಿಡುತ್ತಿದ್ದಳೆಂದು ಅತ್ತೆ ಹೇಳಿದರು. ಅಗಲ ಬಿಟ್ಟೆ. ನನಗೂ ಚೆನ್ನಾಗಿ ಕಂಡಿತು.

ಹೋಳಿಗೆ ಗಟ್ಟಿಯಾಯಿತು.

ಸೆಪ್ಟೆಂಬರ್ 8, ಭಾನುವಾರ

ಶ್ರೀಧರ್ ಇವತ್ತು ಬಾಯಿಬಿಟ್ಟು ಕೇಳಿದರು. ಇಷ್ಟು ದಿನ ಗೂಡನ್ನೂ ನನ್ನ ಕೊರಳನ್ನೂ ಬರೀ ನೋಡುತ್ತಿದ್ದರು.

"ದೇವಿಕಾ, ಅದನ್ನ ಕೊಡ್ತೀಯೇನು? ಆ ಸಾಲು ತುಂಬಬೇಕು ಅಂತ ಆಕಿಗಿ ಬಾಳ ಇತ್ತು. ನಿಮ್ಮಜ್ಜಿಗಿ ಬ್ಯಾರೆ ಬಂಗಾರದ್ದು ಮಾಡಿಸಿ ಕೊಡ್ತೀನಿ."

ಕೊಡಲು ನನ್ನದೇನೂ ಅಡ್ಡಿಯಿಲ್ಲ, ಆದರೆ ಮಾತು ಕೊಟ್ಟಿದ್ದೇನೆ ಎಂದೆ. ಅಜ್ಜಿ ಹೋದ ದಿನ ಇದು ಅವಳ ಬಾಯಿಗೆ ಹೋಗಬೇಕು.

'ಬಾಯಿಗೆ' ಎಂದ ತಕ್ಷಣ ಅವರು ಎದ್ದುಬಿಟ್ಟರು. ತಟ್ಟೆಯನ್ನು ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸಿಟ್ಟು ಬಂತು ಎಂದುಕೊಂಡೆ. ಅತ್ತೆಗೆ ಹೇಳಿದೆ, ನಿಮ್ಮ ಮಗನಿಗೆ ಮುದುಕಿಯ ಬಾಯಿಗಿಂತ ನಾಣ್ಯವೇ ಹೆಚ್ಚು ಎಂದು.

ಅತ್ತೆ ಬಿಡಿಸುತ್ತಿದ್ದ ಅವರೆಕಾಯಿ ಪಕ್ಕಕ್ಕಿಟ್ಟರು.

"ನಿನಗ ಯಾರೂ ಹೇಳಿಲ್ಲೇನವ್ವಾ. ಆ ಕರೋನಾ ಎರಡನೇ ಸಲ ಬಂತಲ್ಲ, ಅವಾಗ ಹೋದ್ಲು ಆಕಿ. ಚೀಲದಾಗ ಕಟ್ಟಿ ಕೊಟ್ರು. ಬಾಯಿಗಿ ಹನಿ ನೀರು ಬಿಡಾಕ ಬಿಡಲಿಲ್ಲ, ಚೂರು ಬಂಗಾರ ಇಡಾಕ ಬಿಡಲಿಲ್ಲ. ಇವನು ಆ 1809ನೇದು ಅಂತಾನಲ್ಲ, ಅದನ್ನ ಮುಷ್ಟ್ಯಾಗ ಹಿಡಕೊಂಡು ನಿಂತಿದ್ದ. ಒಂದೇ ಒಂದ್ ಸಲ ಮುಖ ತೆಗೀರಿ ಅಂದ. ಮುಖ ಮುಟ್ಟಬ್ಯಾಡ್ರಿ ಅಂದ್ರು. ಅವರದೇನು ತಪ್ಪು ಬಿಡು, ಕಾಲ ಹಂಗಿತ್ತು. ಹಂಗೇ ಹಿಡಕೊಂಡು ಮನಿಗಿ ಬಂದ. ಅಳಲಿಲ್ಲ. ಇಲ್ಲೀತನ ಅತ್ತಿಲ್ಲ."

ಅವರೆಕಾಯಿ ನಾನು ಬಿಡಿಸಿದೆ. ಯಾವುದು ಕಾಳು ಯಾವುದು ಸಿಪ್ಪೆ ಎಂದು ಕಾಣುತ್ತಿರಲಿಲ್ಲ.

ಸೆಪ್ಟೆಂಬರ್ 9, ಸೋಮವಾರ

ಕ್ಯಾಲೆಂಡರನ್ನು ಅಡುಗೆಮನೆಗೆ ಹಾಕಿದೆ, ಹಾಲಿನವನು ಬಾರದ ದಿನ ಗುರುತು ಹಾಕಲು ಅಲ್ಲೇ ಅನುಕೂಲ. ಮೊಳೆ ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ಅತ್ತೆಯ ಟ್ರಂಕಿನಿಂದ ಫೋಟೋ ತೆಗೆದು ಒರೆಸಿ ತೂಗುಹಾಕಿದೆ.

ಅಕ್ಕನ ಮೂಗು ಚಪ್ಪಟೆ. ನೆಪೋಲಿಯನ್ನನಿಗೂ ಅವಳಿಗೂ ಏನೇನೂ ಹೋಲಿಕೆಯಿಲ್ಲ. ಕಣ್ಣು ಮಾತ್ರ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿನ್ನುವವಳದೇ.

ಅವರು ಬಂದು ನೋಡಿದರು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು, ಇನ್ನೊಂದನ್ನು ಬಿಡುವುದು ಮರೆತು ನಿಂತಿದ್ದರು.

ಸೆಪ್ಟೆಂಬರ್ 22, ಭಾನುವಾರ
ಮಡಕಶಿರ

ಅಜ್ಜಿ ಇನ್ನು ಹೆಚ್ಚು ದಿನ ಇಲ್ಲ. ಇವರೂ ಬಂದಿದ್ದಾರೆ. ಬಸ್ಸಿನಲ್ಲಿ ಕಿಟಕಿ ಪಕ್ಕ ನನ್ನನ್ನು ಕೂರಿಸಿದರು.

ಸತ್ಯ ಮುಚ್ಚಿಟ್ಟು ಕಳಿಸುವುದು ಬೇಡವೆನಿಸಿ ಅಜ್ಜಿಗೆ ಹೇಳಿದೆ, ಬಿಲ್ಲೆಯಲ್ಲಿ ಇರುವುದು ಹೆಂಗಸಲ್ಲ, ದೂರದೇಶದ ಒಬ್ಬ ರಾಜ ಎಂದು.

ಅಜ್ಜಿ ನನ್ನ ಕೊರಳಿನ ಬಿಲ್ಲೆ ಹಿಡಿದು ನೋಡಿದಳು. "ಗಂಡ್ಸಾ? ಅದ್ಕೇ ಮತ್ತೆ ಇಷ್ಟು ವರ್ಷ ನನ್ ಮಾತಿಗೆ ಒಂದ್ಕಿತಾನೂ ಎದುರಾಡ್ಲಿಲ್ಲ. ಸವತಿಯಾಗಿದ್ರೆ ಸುಮ್ಕಿರ್ತಿದ್ಲಾ?" ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಹೇಳಿದಳು, "ಯಾರಾದ್ರೇನು. ನಾನು ಅಕ್ಕಾ ಅಂದಾಗ ಬ್ಯಾರೆ ಯಾರೂ ಓಗೊಡ್ಲಿಲ್ಲ. ಅಕ್ಕನೇ ಬಿಡು."

ಇವರು ನೀರು ಕುಡಿಸಲು ಬಗ್ಗಿದಾಗ ಅಜ್ಜಿ ಅವರ ಮಣಿಕಟ್ಟು ಹಿಡಿದಳು.

"ನಿಮ್ಮೋಳ ಬಾಯಿಗೆ ಏನಾಕಿದ್ರಪ್ಪ?"

ನಾನು ಬೇಡ ಅಜ್ಜಿ ಎನ್ನುವಷ್ಟರಲ್ಲಿ ಅವರೇ ಹೇಳಿದರು, "ಏನೂ ಇಲ್ಲಜ್ಜಿ. ಬಿಡಲಿಲ್ರಿ."

"ಅಂಗಾರೆ ಅವ್ಳಿನ್ನೂ ಒಟ್ಟೆ ಅಸ್ಕಂಡವ್ಳೆ," ಎಂದಳು ಅಜ್ಜಿ.

ಅವರು ಲೋಟ ಹಿಡಿದುಕೊಂಡೇ ಕೂತಿದ್ದರು.

ಸೆಪ್ಟೆಂಬರ್ 27, ಶುಕ್ರವಾರ
ಮಡಕಶಿರ

ನಿನ್ನೆ ಅಜ್ಜಿ ಹೋದಳು.

ಸ್ನಾನ ಮಾಡಿಸಿ ಕೂರಿಸಿದ್ದರು. ಬಾಯಿಗೆ ಚಿನ್ನ ತನ್ನಿ ಎಂದಾಗ ನಾನು ಕೊರಳಿನ ದಾರ ಬಿಚ್ಚಿದೆ. ಅಷ್ಟೂ ಬಂಗಾರವನ್ನು ಮಣ್ಣಿಗೆ ಹಾಕುತ್ತೀರಾ, ಒಂದು ಗುಲಗಂಜಿಯಷ್ಟು ಚೂರು ಸಾಕಲ್ಲವೇ ಎಂದು ಯಾರೋ ಅಂದರು. ನನಗೂ ಆ ಕ್ಷಣ ಹಾಗೇ ಅನ್ನಿಸಿತು, ಬೇರೆ ಕಾರಣಕ್ಕೆ. ಶ್ರೀಧರ್ ಅವರನ್ನು ಕೊಟ್ಟಿಗೆಯ ಪಕ್ಕಕ್ಕೆ ಕರೆದುಕೊಂಡು ಹೋದೆ.

"ನೀವು ಇದನ್ನ ಇಟ್ಕೊಳ್ಳಿ. ಅಜ್ಜಿಗೆ ನನ್ನ ಓಲೆಯ ಚೂರು ಮುರಿದು ಹಾಕ್ತೀನಿ. ಮಾತು ತಪ್ಪಿದ ಪಾಪ ನನಗಿರಲಿ. ಅಕ್ಕನ ಸಾಲು ತುಂಬಲಿ."

ಅವರು ನಾಣ್ಯವನ್ನು ಅಂಗೈಯಲ್ಲಿ ತೆಗೆದುಕೊಂಡರು. ಅಂಚು ಹಿಡಿಯಲಿಲ್ಲ. ಹೆಬ್ಬೆರಳಿನಿಂದ ಆ ಸವೆದ ಮುಖವನ್ನು ಹಣೆಯಿಂದ ಗಲ್ಲದವರೆಗೆ ಮೆಲ್ಲಗೆ ಸವರಿದರು. ಮತ್ತೆ ಸವರಿದರು.

"ಆಕಿ ಬರೇ ಬಾಯಾಗ ಹೋದ್ಲು, ದೇವಿ," ಎಂದರು. "ಅಜ್ಜಿನಾದ್ರೂ ತುಂಬಿದ ಬಾಯಾಗ ಹೋಗ್ಲಿ."

ಇಬ್ಬರೂ ಸೇರಿ ಇಟ್ಟೆವು. ಅಜ್ಜಿಯ ತುಟಿ ಮುಚ್ಚಿದ್ದು ಅವರೇ. ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಅಜ್ಜಿಯ ಮುಖದ ಮೇಲಿಂದ ಕೈ ತೆಗೆಯಲಿಲ್ಲ. ಮೊಮ್ಮಗಳ ಗಂಡನಿಗೆ ಎಷ್ಟು ಪ್ರೀತಿ ಎಂದು ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಕೊರಳು ಖಾಲಿ ಖಾಲಿ. ಮಾತಾಡಲು ಹೋಗಿ ಎರಡು ಸಲ ಕೈ ಅಲ್ಲಿಗೆ ಹೋಯಿತು.

ಅಕ್ಟೋಬರ್ 2, ಬುಧವಾರ
ರಾಯದುರ್ಗ

ಮಹಾಲಯ ಅಮಾವಾಸ್ಯೆ. ಸತ್ತವರಿಗೆ ಎಡೆ ಇಡುವ ದಿನ. ಚಿತ್ರಾನ್ನ ಮಾಡಿದೆ. ಗೋಂಗೂರ ಚಟ್ನಿಯನ್ನು ಅಕ್ಕನ ಊರಿನವರು ಹೇಗೆ ಮಾಡುತ್ತಾರೆಂದು ಅತ್ತೆಯನ್ನು ಕೇಳಿ ಮಾಡಿದೆ. ಖಾರ ಜಾಸ್ತಿಯಾಯಿತು, ಅವಳಿಗೆ ಜಾಸ್ತಿಯೇ ಬೇಕಂತೆ.

ಎಡೆ ಇಡುವ ಹೊತ್ತಿಗೆ ಇವರು ಪೇಟೆಯಿಂದ ಬಂದರು. ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಬಿಚ್ಚಿದರೆ ಹೊಸ ಕೆಂಪು ದಾರ, ಅದರಲ್ಲಿ ನಾಣ್ಯ. ನಾನು ತಿರುಗಿಸಿ ಇಸವಿ ನೋಡಿದೆ. 1809. ನೆತ್ತಿಯ ಮೇಲೆ ಕೊಂಡಿ ಬೆಸೆದಿತ್ತು.

"ಇದೇನ್ರೀ ಮಾಡಿದ್ರಿ! ಹಾಳಾಗೋಯ್ತಲ್ರೀ!"

"ಹೊನ್ನೂರಪ್ಪನೂ ಹಂಗೇ ಅಂದ. ನೀವೇ ಬೈತಿದ್ರಿ, ಈಗ ನೀವೇ ತಂದೀರಿ ಅಂದ," ಎಂದರು. "ನಿನಗ ಒಬ್ಬಾಕಿ ಅಕ್ಕ ಬೇಕಲ್ಲ."

ತಟ್ಟೆಯಲ್ಲಿ ಈಗ ಎರಡು ಗೂಡು ಖಾಲಿ.

ಫೋಟೋದ ಕೆಳಗೆ ನನ್ನನ್ನು ನಿಲ್ಲಿಸಿ ಅವರೇ ದಾರ ಕಟ್ಟಿದರು. ಅತ್ತೆ ಕುಂಕುಮದ ಬಟ್ಟಲು ಹಿಡಿದರು. ಮೊದಲ ಕುಂಕುಮ ಎರಡನೆಯವಳು ಇಡಬೇಕು, ಅದು ಪದ್ಧತಿ. ನಾನು ಬಟ್ಟಲನ್ನು ಅವರ ಕಡೆ ಸರಿಸಿದೆ. ಅವರು ಬೆರಳು ಅದ್ದಿ ನಾಣ್ಯದ ಮುಖಕ್ಕೆ ಇಡಲು ಹೋದರು. ನಾಣ್ಯ ಜಾರಿ ಕುಂಕುಮ ನನ್ನ ಕೊರಳಿಗೆಲ್ಲಾ ಬಿತ್ತು. ಒರೆಸಲು ಬಂದ ಕೈ ನನ್ನ ಕೆನ್ನೆ ಹಿಡಿಯಿತು.

"ಸಾಯೀ," ಎಂದರು.

ಆಮೇಲೆ ಅವರ ತಲೆ ನನ್ನ ಎದೆಯ ಮೇಲಿತ್ತು, ನಾಣ್ಯ ಅವರ ಹಣೆಗೆ ಒತ್ತುತ್ತಿತ್ತು. ಮೂರು ವರ್ಷದ ಅಳು. ಅತ್ತೆ ಬಟ್ಟಲು ಅಲ್ಲೇ ಇಟ್ಟು ಒಳಗೆ ಹೋದರು. ಯಾರನ್ನು ಹಿಡಿದುಕೊಂಡು ಅಳುತ್ತಿದ್ದೀರಿ ಎಂದು ನಾನು ಕೇಳಲಿಲ್ಲ. ನಾನೂ ಅಕ್ಕನೂ ಇಬ್ಬರೂ ಅಲ್ಲೇ ಇದ್ದೆವು.